ಮ್ಯಾಕ್‌ಬೆತ್ ನಾಟಕದಲ್ಲಿ ಪ್ರತೀಕಗಳೂ ವ್ಯಂಗ್ಯಾರ್ಥವೂ

೧. ಶಬ್ದವಿಚಾರ

ಇಂಗ್ಲಿಷ್ ಕಾವ್ಯನಾಟಕಗಳ ವಿಮರ್ಶೆಯಲ್ಲಿ ‘ಸಿಂಬಲ್’ ಎಂಬ ಶಬ್ದವು ಪದೇ ಪದೇ ಪ್ರಯುಕ್ತವಾಗುತ್ತದೆ. ಈ ಶಬ್ದದ ಮೂಲವು ಗ್ರೀಕ್ ಭಾಷೆಯದು. ಒಂದು ಮುದ್ರೆಯನ್ನು ಎರಡು ಹೋಳಾಗಿ ಒಡೆದು, ಒಪ್ಪಂದ ಮಾಡಿಕೊಂಡ ಇಬ್ಬರೂ ಒಂದೊಂದು ಹೋಳನ್ನು ಇಟ್ಟುಕೊಂಡು, ಮುಂದೆ ಅವೆರಡನ್ನೂ ಕೂಡಿಸಿ ಗುರುತು ಹಿಡಿಯುವ ಪದ್ಧತಿಯು ಪ್ರಾಚೀನ ಗ್ರೀಕರಲ್ಲಿದ್ದಿತು. ಕೂಡಿಸುವಿಕೆಯೇ ಆ ಶಬ್ದದ ಯೌಗಿಕಾರ್ಥ. ಕನ್ನಡದಲ್ಲಿ ಇದಕ್ಕೆ ಸಂಕೇತ, ಪ್ರತೀಕ, ಚಿಹ್ನೆ ಎಂಬ ಶಬ್ದಗಳು ಬಳಕೆಗೆ ಬಂದಿವೆ. ಇವನ್ನು ಪರ್ಯಾಯಗಳೆಂದು ತಿಳಿದು ಒಂದರ ಸ್ಥಾನದಲ್ಲಿ ಮತ್ತೊಂದನ್ನು ಇಡುವುದೂ ರೂಢಿಯಾಗಿದೆ. ಆದರೆ ಶಾಸ್ತ್ರದೃಷ್ಟಿಯಿಂದ ನೋಡಿದರೆ ಇವುಗಳ ನಡುವಣ ಅಂತರ ಸಣ್ಣದಲ್ಲ.

ಇಂತಹ ಶಬ್ದದಿಂದ ಇಂತಹ ಅರ್ಥವನ್ನು ತಿಳಿಯತಕ್ಕದ್ದೆಂಬ ಕಟ್ಟಿಗೆ ಶಾಸ್ತ್ರಕಾರರು ಸಂಕೇತವೆಂದು ಹೆಸರಿಟ್ಟಿದ್ದಾರೆ. ಸಂಕೇತಿತವಾದ ಅರ್ಥವನ್ನು ನೇರವಾಗಿ ತಿಳಿಸುವ ಶಬ್ದವ್ಯಾಪಾರವೇ ಅಭಿಧೆ. ಆದುದರಿಂದ ಸಂಕೇತವು ನಿಯತವಾದುದು. ಪ್ರಕರಣ ಬದಲಾದರೂ ಅದು ಬದಲಾಗದು. ಪ್ರತೀಕವೆಂಬುದಾದರೋ ಮೊದಲು ಅಂಗ, ಅವಯವ ಎಂಬ ಅರ್ಥವುಳ್ಳದ್ದು. ವ್ಯಾಖ್ಯಾನಕಾರರು ಇಡೀ ಶ್ಲೋಕವನ್ನು ಸೂಚಿಸುವುದಕ್ಕಾಗಿ ಅದರ ಮೊದಲ ಪದವನ್ನು ಮಾತ್ರ ಎತ್ತಿಕೊಳ್ಳುವುದಕ್ಕೆ ‘ಪ್ರತೀಕಗ್ರಹಣ’ವೆಂಬ ಹೆಸರಿರುವುದು ಈ ಕಾರಣದಿಂದಲೇ. ಬ್ರಹ್ಮಸೂತ್ರಗಳ ನಾಲ್ಕನೆಯ ಅಧ್ಯಾಯದಲ್ಲಿ ಬರುವ ಪ್ರತೀಕೋಪಾಸನೆಯಲ್ಲಿ ಮನಸ್ಸು, ಆದಿತ್ಯ ಮೊದಲಾದವುಗಳನ್ನು ಬ್ರಹ್ಮವೆಂದು ಭಾವಿಸುವ ವಿಚಾರವಿದೆ. ಅಲ್ಲಿ ಪ್ರತೀಕವೇ ಉಪಾಸಕನ ಆತ್ಮವೆಂದು ಭ್ರಮಿಸಬಾರದೆಂಬ ಎಚ್ಚರಿಕೆಯೂ ಇದೆ. ಹಾಗೆಂದು ಆದಿತ್ಯನು ಆದಿತ್ಯನಾಗಿರುವುದನ್ನು ಬಿಡುವುದೂ ಇಲ್ಲ. ಗುರುತು ತಿಳಿದೊಡನೆ ಸಂಕೇತದ ಕೆಲಸ ತೀರಿತು. ಪ್ರತೀಕವು ತಾನೂ ಉಳಿದು, ತನಗಿಂತ ಹಿರಿದಾದುದನ್ನೂ ತೋರಿಸುತ್ತಿರುತ್ತದೆ.

ಈ ಭೇದವನ್ನು ಮರೆತು ಕಾವ್ಯವನ್ನು ಬೋಧಿಸುವುದರಿಂದ ಆಗುವ ಹಾನಿಯು ಪಾಠಶಾಲೆಗಳಲ್ಲಿ ಪ್ರತ್ಯಕ್ಷವಾಗಿ ಕಾಣುತ್ತದೆ. ರಕ್ತವೆಂದರೆ ಪಾಪ, ಕತ್ತಲೆಯೆಂದರೆ ಕೇಡು, ನಿದ್ರೆಯೆಂದರೆ ಶಾಂತಿ ಎಂದು ಪಟ್ಟಿಮಾಡಿ ವಿದ್ಯಾರ್ಥಿಗಳಿಂದ ಉರುಹೊಡೆಯಿಸುವ ಪದ್ಧತಿಯು ವ್ಯಂಗ್ಯಾರ್ಥವನ್ನು ಅಭಿಧೆಯ ಮಟ್ಟಕ್ಕೆ ಇಳಿಸಿ, ಕಾವ್ಯವನ್ನು ನಿಘಂಟನ್ನಾಗಿ ಮಾಡುತ್ತದೆ. ಷೇಕ್ಸ್‌ಪಿಯರ್ ಮಹಾಕವಿಯ ‘ಮ್ಯಾಕ್‌ಬೆತ್’ ನಾಟಕವು ಇಂತಹ ಪಟ್ಟಿಗಳಿಗೆ ಬಹಳವಾಗಿ ಗುರಿಯಾಗಿರುವ ಕೃತಿ. ಅಂತಹ ಪಟ್ಟಿಗಳನ್ನು ಬಲವಾಗಿ ಖಂಡಿಸುವ ಕೃತಿಯೂ ಅದೇ.

೨. ನಾಟಕದ ಪೂರ್ವೋತ್ತರ

ಈ ನಾಟಕವು ಕ್ರಿ.ಶ. ೧೬೦೬ರ ಸುಮಾರಿಗೆ ರಚಿತವಾಯಿತೆಂದು ವಿದ್ವಾಂಸರು ಸಾಮಾನ್ಯವಾಗಿ ನಂಬುತ್ತಾರೆ. ಕವಿಯ ಮರಣಾನಂತರ ೧೬೨೩ರಲ್ಲಿ ಹೊರಬಂದ ನಾಟಕಸಂಪುಟದಲ್ಲಿ ಇದು ಮೊದಲ ಬಾರಿಗೆ ಮುದ್ರಿತವಾಯಿತು. ಕವಿಯ ದುಃಖಾಂತನಾಟಕಗಳಲ್ಲಿ ಇದೇ ಅತಿ ಚಿಕ್ಕದು. ಸ್ಕಾಟ್ಲೆಂಡಿನ ದೊರೆ ಆರನೆಯ ಜೇಮ್ಸನು ೧೬೦೩ರಲ್ಲಿ ಇಂಗ್ಲೆಂಡಿನ ಸಿಂಹಾಸನವನ್ನೂ ಏರಿದ್ದನು. ಅವನ ವಂಶವು ಬ್ಯಾಂಕೋ ಎಂಬ ಸಾಮಂತನಿಂದ ಇಳಿದುಬಂದಿತೆಂಬ ಪ್ರತೀತಿಯಿದ್ದುದರಿಂದ, ಸ್ಕಾಟ್ಲೆಂಡಿನ ಕಥೆಯೊಂದಕ್ಕೆ ಆಗ ರಂಗದ ಮೇಲೆ ವಿಶೇಷವಾದ ಬೆಲೆಯಿದ್ದಿತು.

ಕಥಾವಸ್ತುವನ್ನು ಕವಿಯು ಹಾಲಿನ್‌ಷೆಡ್ ಎಂಬುವನ ಚರಿತ್ರಗ್ರಂಥದಿಂದ ಎತ್ತಿಕೊಂಡನು. ಇತಿಹಾಸದ ಡಂಕನ್ ದೊರೆ ೧೦೪೦ರಲ್ಲಿ ಯುದ್ಧದಲ್ಲಿ ಮಡಿದನು. ಅನಂತರ ಮ್ಯಾಕ್‌ಬೆತ್ತನು ೧೦೫೭ರವರೆಗೆ ಆಳಿದನು. ಮಲಗಿದ್ದ ಅತಿಥಿಯನ್ನು ಇರಿದ ಪ್ರಸಂಗವು ಅದೇ ಗ್ರಂಥದಲ್ಲಿ ಬರುವ ಬೇರೊಂದು ಕಥೆಯದು. ಡಫ್ ಎಂಬ ದೊರೆಯನ್ನು ಡಾನ್‌ವಾಲ್ಡನು ಹೆಂಡತಿಯ ಪ್ರೇರಣೆಯಿಂದ ಕೊಲ್ಲಿಸಿದ ವೃತ್ತಾಂತವನ್ನು ಕವಿಯು ಇಲ್ಲಿ ಬೆಸೆದಿದ್ದಾನೆ. ಹಾಲಿನ್‌ಷೆಡ್ಡನ ಗ್ರಂಥದಲ್ಲಿ ಕೊಲೆಗೆ ಸಹಾಯಕನಾಗಿದ್ದ ಬ್ಯಾಂಕೋವನ್ನು ನಿರ್ದೋಷಿಯನ್ನಾಗಿ ಮಾಡಿದ್ದಾನೆ. ಈ ಮಾರ್ಪಾಟುಗಳಿಂದ ಶತ್ರುವಧೆಯ ಸ್ಥಾನದಲ್ಲಿ ಅತಿಥಿವಧೆ ಬಂದಿತು. ರಣರಂಗದ ಸ್ಥಾನದಲ್ಲಿ ಶಯ್ಯಾಗೃಹ ಬಂದಿತು. ನಿದ್ರೆ, ದೀಪ, ಕೈತೊಳೆಯುವ ನೀರು ಇವುಗಳಿಗೆ ನಾಟಕದಲ್ಲಿ ಅವಕಾಶವಾದುದು ಹೀಗೆ. ಪ್ರತೀಕಗಳು ಕಥೆಯ ಮೇಲೆ ಆಮೇಲೆ ಹೊದಿಸಿದ ಅಲಂಕಾರಗಳಲ್ಲ, ಕಥಾಶರೀರದೊಡನೆಯೇ ಹುಟ್ಟಿದುವು ಎಂಬುದಕ್ಕೆ ಇದೇ ಮೊದಲನೆಯ ಸಾಕ್ಷಿ.

೩. ವಿಚಾರಕ್ಕೆ ಬೇಕಾದ ಸಾಧನ

ಒಂದು ವಸ್ತುವಿನಿಂದ ವಾಚ್ಯವಲ್ಲದ ಅರ್ಥವು ಹೇಗೆ ಹೊಳೆಯುತ್ತದೆಂಬ ವಿಚಾರವನ್ನು ಒಂಬತ್ತನೆಯ ಶತಮಾನದಲ್ಲಿ ಕಾಶ್ಮೀರದ ಆನಂದವರ್ಧನನು ‘ಧ್ವನ್ಯಾಲೋಕ’ದಲ್ಲಿ ವಿಸ್ತರಿಸಿದ್ದಾನೆ. ಅದೇ ಶತಮಾನದ ‘ಕವಿರಾಜಮಾರ್ಗ’ದಲ್ಲಿಯೂ ಅಲಂಕಾರಗಳ ನಡುವೆ ಧ್ವನಿಯ ಹೆಸರು ಬಂದಿರುವುದು ವಿದ್ವಾಂಸರಿಗೆ ವಿದಿತವೇ ಆಗಿದೆ. ಹನ್ನೊಂದನೆಯ ಶತಮಾನದ ಮಮ್ಮಟನು ‘ಕಾವ್ಯಪ್ರಕಾಶ’ದ ಮೂರನೆಯ ಉಲ್ಲಾಸದಲ್ಲಿ, ಅರ್ಥವು ವ್ಯಂಜಕವಾಗುವುದಕ್ಕೆ ಸಹಕಾರಿಗಳಾದ ಸಂಗತಿಗಳನ್ನು ಎಣಿಸುತ್ತಾನೆ. ಹೇಳುವವನು, ಕೇಳುವವನು, ಕಾಕು ಎಂದರೆ ಧ್ವನಿವಿಕಾರ, ವಾಕ್ಯ, ವಾಚ್ಯ, ಮೂರನೆಯವರ ಸನ್ನಿಧಿ, ಪ್ರಸ್ತಾವ, ದೇಶ, ಕಾಲ ಇವೇ ಮೊದಲಾದುವು. ಸೂರ್ಯನು ಮುಳುಗಿದನೆಂಬ ಒಂದೇ ವಾಕ್ಯವು ಸೇನಾಪತಿಗೆ ಮುತ್ತಿಗೆಯ ಸಮಯವನ್ನೂ, ಗೊಲ್ಲನಿಗೆ ದನಗಳನ್ನು ಹಟ್ಟಿಗೆ ಹೊಡೆಯಬೇಕೆಂಬುದನ್ನೂ, ವೈದಿಕನಿಗೆ ಸಂಧ್ಯಾವಂದನೆಯನ್ನೂ ಹೊಳೆಯಿಸುತ್ತದೆಂಬುದು ಆಲಂಕಾರಿಕರ ಪ್ರಸಿದ್ಧವಾದ ಉದಾಹರಣೆ. ವಾಕ್ಯ ಒಂದು, ವಾಚ್ಯಾರ್ಥ ಒಂದು. ವ್ಯಂಗ್ಯಾರ್ಥಗಳು ಮಾತ್ರ ಅನೇಕ.

ಇಲ್ಲಿ ಒಂದು ಪೂರ್ವಪಕ್ಷವು ಬರಬಹುದು. ಸಂಸ್ಕೃತ ಅಲಂಕಾರಶಾಸ್ತ್ರದ ಗಂಧವನ್ನೂ ಅರಿಯದ ಆಂಗ್ಲಕವಿಯ ಕೃತಿಗೆ ಆ ಶಾಸ್ತ್ರವನ್ನು ಅನ್ವಯಿಸುವುದು ಯುಕ್ತವೇ, ಎಂದು. ಅದಕ್ಕೆ ಸಮಾಧಾನವಿಷ್ಟೆ: ವ್ಯಂಜನೆಯು ಕಾಶ್ಮೀರದವರು ನಿರ್ಮಿಸಿದ ವಸ್ತುವಲ್ಲ, ಮನುಷ್ಯನು ಮಾತನಾಡುವ ಎಡೆಯಲ್ಲೆಲ್ಲ ಇರುವ ವ್ಯಾಪಾರವನ್ನು ಅವರು ಕಂಡು ವಿಭಾಗಿಸಿದರು. ಆದರೆ ಶಾಸ್ತ್ರದ ಎಲ್ಲ ಭಾಗವೂ ಇಲ್ಲಿ ಹೊಂದುವುದಿಲ್ಲ. ನಾಯಕನು ಧೀರೋದಾತ್ತಾದಿಗಳಲ್ಲಿ ಒಬ್ಬನಾಗಿರಬೇಕು, ಅವನ ವಧೆಯನ್ನು ರಂಗದ ಮೇಲೆ ತೋರಬಾರದು, ಎಂಬ ದಶರೂಪಕಾದಿಗಳ ನಿಯಮಗಳಿಂದ ಈ ನಾಟಕವನ್ನು ಅಳೆಯುವುದು ವ್ಯರ್ಥ. ಅರ್ಥವಿಚಾರವನ್ನು ಸ್ವೀಕರಿಸಿ, ರೂಪಕಲಕ್ಷಣವನ್ನು ಬದಿಗಿಡುವುದೇ ಯುಕ್ತವಾದ ಮಾರ್ಗ.

೪. ರಕ್ತ

ನಾಟಕದ ಎರಡನೆಯ ದೃಶ್ಯದಲ್ಲಿಯೇ, ಮೈಯೆಲ್ಲ ಗಾಯವಾಗಿ ರಕ್ತವನ್ನು ಸುರಿಸುತ್ತಿರುವ ಯೋಧನೊಬ್ಬನು ಪ್ರವೇಶಿಸಿ ಯುದ್ಧವಾರ್ತೆಯನ್ನು ಡಂಕನ್ ದೊರೆಗೆ ಅರುಹುತ್ತಾನೆ. ಮ್ಯಾಕ್‌ಬೆತ್ತನ ಖಡ್ಗವು ಶತ್ರುರಕ್ತದಿಂದ ಹೊಗೆಯಾಡುತ್ತಿದ್ದುದನ್ನು ಅವನು ವರ್ಣಿಸುತ್ತಾನೆ. ಗಾಯಗಳೂ ಅವನ ನುಡಿಗಳೂ ಅವನಿಗೆ ಒಪ್ಪುವಂತಹವೆಂದು ದೊರೆಯು ಮೆಚ್ಚುತ್ತಾನೆ. ಇಲ್ಲಿ ರಕ್ತವು ವೀರದ ಅನುಭಾವ, ಸ್ವಾಮಿಭಕ್ತಿಯ ಪ್ರಮಾಣ. ರಕ್ತವೆಂದರೆ ಪಾಪವೆಂಬ ಪಟ್ಟಿಯು ಈ ದೃಶ್ಯದಲ್ಲಿಯೇ ಮುರಿದುಬೀಳುತ್ತದೆ. ಕೊಲ್ಲುವ ಕೈಗೆ ಬಿರುದನ್ನಿತ್ತ ಲೋಕದಲ್ಲಿಯೇ ಅದೇ ಕೈ ಅದೇ ಕೆಲಸವನ್ನು ಮನೆಯೊಳಗೆ ಮಾಡಿತೆಂಬುದನ್ನು ಪ್ರೇಕ್ಷಕನ ಸ್ಮೃತಿಯಲ್ಲಿ ನೆಡುವುದಕ್ಕಾಗಿಯೇ ಕವಿಯು ಮೊದಲು ಈ ರಕ್ತವನ್ನು ತೋರಿಸಿದ್ದಾನೆ.

ಎರಡನೆಯ ಅಂಕದಲ್ಲಿ ಕೊಲೆಯು ರಂಗದ ಹೊರಗೆ ನಡೆಯುತ್ತದೆ. ಪ್ರೇಕ್ಷಕನು ಇರಿತವನ್ನು ಕಾಣುವುದಿಲ್ಲ. ಕೈಗಳನ್ನು ಮಾತ್ರ ಕಾಣುತ್ತಾನೆ. ಆ ಕೈಗಳನ್ನು ಕುರಿತು ಇಬ್ಬರು ವಕ್ತೃಗಳು ಮಾತನಾಡುತ್ತಾರೆ. ಸಮುದ್ರವೆಲ್ಲ ಸೇರಿದರೂ ಇದು ತೊಳೆಯಲಾರದು, ಸಮುದ್ರವೇ ಕೆಂಪಾದೀತು, ಎಂಬ ಭಾವವು ಮ್ಯಾಕ್‌ಬೆತ್ತನದು. ಸ್ವಲ್ಪ ನೀರಿನಿಂದ ಎಲ್ಲವೂ ಹೋಗುವುದೆಂಬ ಲೆಕ್ಕವು ಅವನ ಪತ್ನಿಯದು. ವಸ್ತು ಒಂದೇ, ಕಾಲ ಒಂದೇ. ವಕ್ತೃಭೇದದಿಂದ ಒಬ್ಬನಿಗೆ ಅದು ಅಳಿಯದ ಕರ್ಮ, ಇನ್ನೊಬ್ಬಳಿಗೆ ಚರ್ಮಕ್ಕೆ ಅಂಟಿದ ಕೊಳೆ.

ಐದನೆಯ ಅಂಕದ ಮೊದಲ ದೃಶ್ಯದಲ್ಲಿ ಅವಳು ನಿದ್ರೆಯಲ್ಲಿ ನಡೆದಾಡುತ್ತ, ಇಲ್ಲದ ನೀರಿನಿಂದ ಇಲ್ಲದ ಕಲೆಯನ್ನು ಉಜ್ಜಿ ಉಜ್ಜಿ ತೊಳೆಯುತ್ತಾಳೆ. ಅರೇಬಿಯಾದೇಶದ ಸುಗಂಧಗಳೆಲ್ಲ ಸೇರಿದರೂ ಆ ಕೈಯ ವಾಸನೆ ಹೋಗದೆಂದು ಕೊರಗುತ್ತಾಳೆ. ಹಿಂದೆ ಪತಿಯು ಹೇಳಿದ ಸಮುದ್ರದ ಮಾತು ಈಗ ಸತಿಯ ಅನುಭವವಾಗಿದೆ. ಪತಿಯಾದರೋ ರಕ್ತದ ಹೊಳೆಯಲ್ಲಿ ನಡುವಿನವರೆಗೆ ಬಂದಿರುವುದರಿಂದ ಹಿಂದಿರುಗುವುದೂ ಮುಂದುವರಿಯುವುದೂ ಸಮಾನವೆಂದು ಮೂರನೆಯ ಅಂಕದಲ್ಲಿಯೇ ಲೆಕ್ಕಹಾಕಿ ಆಗಿದೆ. ಲೆಕ್ಕಹಾಕುವ ಬುದ್ಧಿ ಅವಳಿಂದ ಅವನಿಗೂ, ನಡುಗುವ ಹೃದಯ ಅವನಿಂದ ಅವಳಿಗೂ ವರ್ಗವಾದುವು. ಈ ವಿನಿಮಯವನ್ನು ಯಾವ ಪಾತ್ರವೂ ವಾಚ್ಯವಾಗಿ ಹೇಳಿಲ್ಲ. ರಕ್ತವೊಂದೇ ಅದನ್ನು ವ್ಯಂಜಿಸುತ್ತದೆ.

ಇನ್ನು ಶಾಸ್ತ್ರೀಯವಾದ ಒಂದು ಪ್ರಶ್ನೆ. ಇದು ಲಕ್ಷಣೆಯೇ? ಲಕ್ಷಣೆಗೆ ಮುಖ್ಯಾರ್ಥಬಾಧೆಯು ಬೇಕು. ಗಂಗೆಯಲ್ಲಿ ಹಟ್ಟಿಯಿದೆಯೆಂದಾಗ ಪ್ರವಾಹದ ಮೇಲೆ ಹಟ್ಟಿಯಿರಲಾರದಾದುದರಿಂದ ತೀರವನ್ನು ಗ್ರಹಿಸಬೇಕಾಗುತ್ತದೆ. ಮ್ಯಾಕ್‌ಬೆತ್ತನ ಕೈಗಂಟಿದ ರಕ್ತದಲ್ಲಿ ಅಂತಹ ಬಾಧೆಯೇನೂ ಇಲ್ಲ. ಅದು ನಿಜವಾಗಿಯೂ ರಕ್ತವೇ. ರಕ್ತವಾಗಿ ಉಳಿದುಕೊಂಡೇ ಅದು ಮತ್ತೊಂದನ್ನು ಹೊಳೆಯಿಸುತ್ತದೆ. ಧ್ವನಿಕಾರನ ಪರಿಭಾಷೆಯಲ್ಲಿ ಇದು ವಿವಕ್ಷಿತಾನ್ಯಪರವಾಚ್ಯ. ಪ್ರತೀಕವೆಂಬುದಕ್ಕೆ ಇದಕ್ಕಿಂತ ನೇರವಾದ ಲಕ್ಷಣವು ಸಿಕ್ಕುವುದು ಕಷ್ಟ.

೫. ನಿದ್ರೆಯೂ ದೀಪವೂ

ಮೊದಲನೆಯ ಅಂಕದಲ್ಲಿ ಮಾಟಗಾತಿಯೊಬ್ಬಳು ನಾವಿಕನೊಬ್ಬನ ಮೇಲೆ ಮುನಿದು, ಹಗಲಿರುಳೂ ಅವನಿಗೆ ನಿದ್ರೆಯಿಲ್ಲದಂತೆ ಮಾಡುವೆನೆನ್ನುತ್ತಾಳೆ. ಅವನ ಹಡಗನ್ನು ಮುಳುಗಿಸುವ ಶಕ್ತಿ ಅವಳಿಗಿಲ್ಲ. ಬಿರುಗಾಳಿಗೆ ಸಿಕ್ಕಿಸಿ ತೊಳಲಿಸುವ ಶಕ್ತಿ ಮಾತ್ರವುಂಟು. ಆ ನಾವಿಕನು ಮತ್ತೆ ಕಥೆಯಲ್ಲಿ ಬರುವುದಿಲ್ಲ. ಆದರೆ ಅವನ ಅವಸ್ಥೆಯೇ ನಾಯಕನ ಅವಸ್ಥೆಯಾಗುತ್ತದೆ. ಮಾಟಗಾತಿಯರು ಮ್ಯಾಕ್‌ಬೆತ್ತನನ್ನು ಮುಳುಗಿಸಲಿಲ್ಲ, ತೊಳಲಿಸಿದರು. ಮುಳುಗಿದುದು ಅವನ ಸ್ವಂತ ಕರ್ಮದಿಂದ. ಪಾತ್ರದ ಹೊಣೆ ದೈವದ್ದೋ ಪುರುಷನದೋ ಎಂದು ತಾರ್ಕಿಕರು ಬಹಳ ಚರ್ಚಿಸುವ ವಿಷಯಕ್ಕೆ ಕವಿಯು ಈ ಸಣ್ಣ ಉಪಾಖ್ಯಾನದಲ್ಲಿಯೇ ಉತ್ತರವನ್ನು ಅಡಗಿಸಿಟ್ಟಿದ್ದಾನೆ.

ಮಲಗಿದ್ದವನನ್ನು ಕೊಂದವನು ನಿದ್ರೆಯನ್ನೇ ಕೊಂದನೆಂಬ ಕೂಗು ಮ್ಯಾಕ್‌ಬೆತ್ತನ ಕಿವಿಗೆ ಕೇಳಿಸುತ್ತದೆ. ನಿದ್ರಿಸುವವರೂ ಸತ್ತವರೂ ಚಿತ್ರಗಳಿಗೆ ಸಮಾನರು, ಅವರಿಗೆ ಅಂಜುವುದು ಮಕ್ಕಳ ಲಕ್ಷಣ, ಎಂದು ಪತ್ನಿಯು ಜರೆಯುತ್ತಾಳೆ. ಮುಂದೆ ಅವನು, ಸತ್ತ ಡಂಕನ್ನನು ಸುಖವಾಗಿ ಮಲಗಿರುವನೆಂದು ಹೇಳಿ ಅವನ ಭಾಗ್ಯಕ್ಕೆ ಕರುಬುತ್ತಾನೆ. ಕೊಲೆಗೆ ಮೊದಲು ನಿದ್ರೆಯು ಮರಣದ ಪ್ರತಿಬಿಂಬ. ಕೊಲೆಯ ಅನಂತರ ಮರಣವೇ ನಿದ್ರೆಯ ಪ್ರತಿಬಿಂಬ. ಉಪಮಾನೋಪಮೇಯಗಳು ಸ್ಥಾನವನ್ನು ಬದಲಿಸಿಕೊಂಡುವು. ಬದುಕಿರುವವನಿಗೆ ಸತ್ತವನೇ ಆದರ್ಶವಾದ ಈ ವಿಪರ್ಯಾಸದಲ್ಲಿ ಕರುಣವೂ ಭಯಾನಕವೂ ಒಂದನ್ನೊಂದು ಬಿಡದಂತೆ ಹೆಣೆದುಕೊಂಡಿವೆ.

ದೀಪದ ವಿಷಯವೂ ಹೀಗೆಯೇ. ಇರಿತವನ್ನು ಚೂರಿಯೂ ಕಾಣದಿರುವಷ್ಟು ದಟ್ಟವಾದ ಕತ್ತಲೆಯನ್ನು ರಾತ್ರಿಯಿಂದ ಬೇಡಿದವಳು ಮ್ಯಾಕ್‌ಬೆತ್ತನ ಪತ್ನಿ. ಅದೇ ಸ್ತ್ರೀಯು ನಿದ್ರೆಯಲ್ಲಿ ನಡೆದು ಬರುವಾಗ ಕೈಯಲ್ಲಿ ಉರಿಯುವ ದೀಪವಿರುತ್ತದೆ. ಅವಳ ಅಪ್ಪಣೆಯಂತೆ ರಾತ್ರಿಯೆಲ್ಲ ದೀಪವೊಂದು ಅವಳ ಬಳಿಯಲ್ಲಿಯೇ ಇರುವುದೆಂದು ದಾಸಿಯು ವೈದ್ಯನಿಗೆ ತಿಳಿಸುತ್ತಾಳೆ. ದಾಸಿಯ ಮಾತಿನಲ್ಲಿ ವ್ಯಾಖ್ಯಾನವಿಲ್ಲ, ಕರುಣೆಯ ಪ್ರದರ್ಶನವಿಲ್ಲ. ಇದ್ದುದನ್ನು ಇದ್ದಂತೆ ಹೇಳಿದ್ದಾಳೆ. ಕೇಳುವ ವೈದ್ಯನಿಗೆ ಅದು ರೋಗಲಕ್ಷಣವಷ್ಟೆ. ಮೊದಲನೆಯ ಅಂಕದ ಪ್ರಾರ್ಥನೆಯನ್ನು ಕೇಳಿದ್ದ ಸಹೃದಯನಿಗೆ ಮಾತ್ರ ಆ ದೀಪವು, ಬೇಡಿದ ಕತ್ತಲೆಯು ವರವಾಗಿ ದೊರೆತುದರ ಫಲವನ್ನು ತೋರಿಸುತ್ತದೆ. ದಾಸಿ, ವೈದ್ಯ, ಸಹೃದಯ ಈ ಮೂವರಿಗೂ ಕಾಣುವ ದೀಪವು ಒಂದೇ. ಕೇಳುವವನಿಗೆ ತಕ್ಕಂತೆ ಅರ್ಥವು ಭಿನ್ನವಾಗುವುದೆಂಬ ಮಮ್ಮಟನ ಮಾತಿಗೆ ಈ ದೃಶ್ಯವೇ ಉದಾಹರಣೆ.

೬. ಉಡುಪು: ಎರಡು ಮತಗಳು

ಕಾಡರ್ ಪ್ರಾಂತದ ಅಧಿಪತ್ಯವು ದೊರೆತ ವಾರ್ತೆ ಬಂದಾಗ, ಎರವಲು ಉಡುಪನ್ನು ತನಗೇಕೆ ತೊಡಿಸುವಿರೆಂದು ಮ್ಯಾಕ್‌ಬೆತ್ತನು ಕೇಳುತ್ತಾನೆ. ಹೊಸ ಬಟ್ಟೆಯು ತೊಟ್ಟು ಬಳಸಿದಲ್ಲದೆ ಮೈಗೆ ಹೊಂದದೆಂದು ಬ್ಯಾಂಕೋ ನುಡಿಯುತ್ತಾನೆ. ಹೊಸ ರಾಜನ ಅಭಿಷೇಕದ ಸಮಯದಲ್ಲಿ ಮ್ಯಾಕ್‌ಡಫನು ಹಳೆಯ ನಿಲುವಂಗಿಯೇ ಹೊಸದಕ್ಕಿಂತ ಹಿತವಾದೀತೇನೋ ಎಂಬ ಶಂಕೆಯನ್ನು ಸೂಚಿಸುತ್ತಾನೆ. ಕೊನೆಯ ಅಂಕದಲ್ಲಿ ಆಂಗಸ್ ಎಂಬ ಸಾಮಂತನು, ದೈತ್ಯನ ನಿಲುವಂಗಿಯನ್ನು ಕದ್ದು ತೊಟ್ಟ ಕುಳ್ಳನಿಗೆ ಅವನನ್ನು ಹೋಲಿಸುತ್ತಾನೆ. ಈ ಪರಂಪರೆಯನ್ನು ಮೊದಲು ವಿಶದವಾಗಿ ತೋರಿಸಿಕೊಟ್ಟವಳು ಕ್ಯಾರೊಲಿನ್ ಸ್ಪರ್ಜನ್ ಎಂಬ ವಿದುಷಿ. ತನಗೆ ಸಲ್ಲದ ದೊಡ್ಡ ಉಡುಪಿನಲ್ಲಿ ತೊಡರುವ ಅಲ್ಪಮನುಷ್ಯನೆಂಬ ಚಿತ್ರವೇ ಇದರ ತಾತ್ಪರ್ಯವೆಂದು ಅವಳು ೧೯೩೫ರ ತನ್ನ ಗ್ರಂಥದಲ್ಲಿ ಪ್ರತಿಪಾದಿಸಿದಳು. ಕ್ಲಿಯಂತ್ ಬ್ರೂಕ್ಸ್ ಎಂಬ ಅಮೆರಿಕದ ವಿಮರ್ಶಕನು ೧೯೪೭ರಲ್ಲಿ ಇದನ್ನು ತಿದ್ದಿ, ಉಡುಪು ದೊಡ್ಡದೋ ಚಿಕ್ಕದೋ ಎಂಬುದು ಮುಖ್ಯವಲ್ಲ, ಅದು ಅವನದಲ್ಲ, ಕದ್ದದ್ದು ಎಂಬುದೇ ಮುಖ್ಯವೆಂದು ವಾದಿಸಿದನು.

ಎರಡನೆಯ ಮತವೇ ಬಲವತ್ತರವೆಂದು ತೋರುತ್ತದೆ. ಅದಕ್ಕೆ ಹೇತುಗಳೆರಡು. ಮೊದಲನೆಯದು, ಕುಳ್ಳನ ಚಿತ್ರವನ್ನು ಕೊಡುವ ಆಂಗಸನು ಮ್ಯಾಕ್‌ಬೆತ್ತನಿಗೆ ಎದುರಾದ ಸೇನೆಯವನು. ವಕ್ತೃವಿನ ದ್ವೇಷವನ್ನು ಕಳೆದು ಅವನ ಮಾತಿನ ತೂಕವನ್ನು ನಿರ್ಣಯಿಸಬೇಕು. ಎರಡನೆಯದು, ಕಾಡರ್ ಪ್ರಾಂತದ ಅಧಿಪತ್ಯವು ನ್ಯಾಯವಾಗಿ ಬಂದುದಾದರೂ ಆಗಲೇ ಎರವಲೆಂಬ ಶಬ್ದವು ನಾಯಕನ ಬಾಯಿಯಿಂದ ಹೊರಟಿದೆ. ಸ್ವತ್ವದ ಪ್ರಶ್ನೆಯು ಅಳತೆಯ ಪ್ರಶ್ನೆಗಿಂತ ಮೊದಲು ಹುಟ್ಟಿದೆ.

ಉಡುಪಿನ ಪ್ರಯೋಗವು ರಕ್ತದ ಪ್ರಯೋಗದಂತಲ್ಲವೆಂಬುದನ್ನೂ ಇಲ್ಲಿ ಗಮನಿಸಬೇಕು. ಪದವಿಯು ಬಟ್ಟೆಯಲ್ಲವಾದುದರಿಂದ ಇಲ್ಲಿ ಮುಖ್ಯಾರ್ಥಬಾಧೆಯಿದೆ. ಇದು ಗೌಣೀವೃತ್ತಿಯಿಂದ ಬಂದ ರೂಪಕ. ಬಿಡಿಯಾಗಿ ನೋಡಿದರೆ ಒಂದೊಂದೂ ಸಾಧಾರಣವಾದ ಅಲಂಕಾರವೇ. ಬೇರೆ ಬೇರೆ ಪಾತ್ರಗಳ ಬಾಯಲ್ಲಿ ಅದೇ ಅಲಂಕಾರವು ಮರಳಿ ಮರಳಿ ಬಂದಾಗ ಅದು ಪಾತ್ರಗಳ ಉಕ್ತಿಯಾಗಿ ಉಳಿಯದೆ ಪ್ರಬಂಧದ ಉಕ್ತಿಯಾಗುತ್ತದೆ. ರಾಮಾಯಣದಲ್ಲಿ ಕರುಣವೂ ಮಹಾಭಾರತದಲ್ಲಿ ಶಾಂತವೂ ಸಮಗ್ರಕಾವ್ಯದಿಂದ ವ್ಯಂಜಿತವಾಗುವುವೆಂದು ಆನಂದವರ್ಧನನು ನಾಲ್ಕನೆಯ ಉದ್ಯೋತದಲ್ಲಿ ತೋರಿಸಿರುವ ಪ್ರಬಂಧಧ್ವನಿಯ ಮಾರ್ಗವೇ ಇಲ್ಲಿಗೂ ದಾರಿ.

ರಕ್ತವೂ ಉಡುಪೂ ಒಂದೆಡೆ ಸೇರುತ್ತವೆ. ಕೊಲೆ ಬಯಲಾದಾಗ ಮ್ಯಾಕ್‌ಬೆತ್ತನು ಡಂಕನ್ನನ ದೇಹವನ್ನು ವರ್ಣಿಸುತ್ತಾನೆ. ಬೆಳ್ಳಿಯಂತಹ ಚರ್ಮದ ಮೇಲೆ ಚಿನ್ನದಂತಹ ರಕ್ತದ ಕಸೂತಿ, ರಕ್ತವನ್ನೇ ಉಡುಪಾಗಿ ತೊಟ್ಟ ಚೂರಿಗಳು, ಎಂಬ ಧಾಟಿಯಲ್ಲಿ ಆ ವರ್ಣನೆ ಸಾಗುತ್ತದೆ. ಅಲಂಕಾರವು ಅಲ್ಲಿ ಔಚಿತ್ಯವನ್ನು ಮೀರಿದೆ. ಶೋಕಾರ್ತನು ಹಾಗೆ ಮಾತನಾಡುವುದಿಲ್ಲ. ಇದನ್ನು ಕವಿಯ ದೋಷವೆಂದು ಎಣಿಸಬಾರದು. ಅಲಂಕಾರದ ಆಡಂಬರವೇ ವಕ್ತೃವಿನ ಕಪಟವನ್ನು ವ್ಯಂಜಿಸುತ್ತದೆ. ಸತ್ಯವನ್ನು ಮುಚ್ಚುವವನು ರಕ್ತಕ್ಕೂ ಬಟ್ಟೆ ತೊಡಿಸುತ್ತಾನೆ.

೭. ಕಿವಿಯ ಮಾತು, ಕಣ್ಣಿನ ನೋಟ

ನಾಲ್ಕನೆಯ ಅಂಕದ ಮೊದಲ ದೃಶ್ಯವು ಈ ವಿಚಾರಕ್ಕೆಲ್ಲ ಶಿರಃಸ್ಥಾನ. ಮಾಟಗಾತಿಯರು ಮ್ಯಾಕ್‌ಬೆತ್ತನಿಗೆ ಮೂರು ಆಕೃತಿಗಳನ್ನು ತೋರಿಸುತ್ತಾರೆ. ಶಿರಸ್ತ್ರಾಣವನ್ನು ತೊಟ್ಟ ತಲೆಯೊಂದು ಮ್ಯಾಕ್‌ಡಫನ ವಿಷಯದಲ್ಲಿ ಎಚ್ಚರಿಕೆಯಿರಲೆನ್ನುತ್ತದೆ. ರಕ್ತದಲ್ಲಿ ತೊಯ್ದ ಶಿಶುವೊಂದು, ಸ್ತ್ರೀಯಲ್ಲಿ ಜನಿಸಿದ ಯಾವನೂ ಅವನಿಗೆ ಕೇಡುಮಾಡಲಾರನೆನ್ನುತ್ತದೆ. ಕಿರೀಟವಿಟ್ಟು ಕೈಯಲ್ಲಿ ಮರವನ್ನು ಹಿಡಿದ ಶಿಶುವೊಂದು, ಬರ್ನಂ ಕಾಡು ಡನ್ಸಿನೇನ್ ಬೆಟ್ಟಕ್ಕೆ ಬರುವವರೆಗೆ ಅವನಿಗೆ ಸೋಲಿಲ್ಲವೆನ್ನುತ್ತದೆ. ಮ್ಯಾಕ್‌ಬೆತ್ತನು ಸಂತುಷ್ಟನಾಗುತ್ತಾನೆ.

ಈ ಪ್ರಸಂಗವನ್ನು ಓದುವ ಭಾರತೀಯನಿಗೆ ಹಿರಣ್ಯಕಶಿಪುವಿನ ವರವು ನೆನಪಾಗುವುದು ಸಹಜ. ಮನುಷ್ಯನಿಂದಾಗಲಿ ಮೃಗದಿಂದಾಗಲಿ, ಹಗಲಾಗಲಿ ಇರುಳಾಗಲಿ, ಒಳಗಾಗಲಿ ಹೊರಗಾಗಲಿ ಮರಣವಿಲ್ಲವೆಂದು ಅವನು ಕೇಳಿದನು. ವಿಕಲ್ಪಗಳ ನಡುವಣ ಸಂಧಿಯಲ್ಲಿ ನರಸಿಂಹನು ಆವಿರ್ಭವಿಸಿದನು. ಸಾಮ್ಯವಿದ್ದರೂ ಭೇದವು ಗಮನಾರ್ಹವಾದುದು. ಹಿರಣ್ಯಕಶಿಪುವು ವಾಕ್ಯವನ್ನು ತಾನೇ ರಚಿಸಿದನು. ಅವನ ದೋಷವು ಗಣನೆಯದು. ಮ್ಯಾಕ್‌ಬೆತ್ತನು ಬೇರೆಯವರ ವಾಕ್ಯವನ್ನು ಕೇಳಿದನು. ಅವನ ದೋಷವು ಅರ್ಥಗ್ರಹಣದ್ದು.

ಆ ದೋಷವು ಯಾವುದೆಂದರೆ, ಆಕೃತಿಯೊಂದನ್ನು ಹೇಳಿದರೆ ಮಾತೊಂದನ್ನು ಹೇಳುತ್ತಿದೆ. ಹೆದರಬೇಡವೆಂದು ನುಡಿಯುವ ಶಿಶುವಿನ ಮೈ ರಕ್ತಮಯವಾಗಿದೆ. ತಾಯಿಯ ಗರ್ಭವನ್ನು ಸೀಳಿ ಅಕಾಲದಲ್ಲಿ ಹೊರತೆಗೆಯಲ್ಪಟ್ಟ ಮ್ಯಾಕ್‌ಡಫನೇ ಆ ಶಿಶು. ಸೋಲಿಲ್ಲವೆಂದು ನುಡಿಯುವ ಕಿರೀಟಧಾರಿಯಾದ ಶಿಶುವಿನ ಕೈಯಲ್ಲಿ ಮರವಿದೆ. ಸೈನಿಕರ ಕೈಗೆ ಕೊಂಬೆಗಳನ್ನು ಕೊಡಿಸಿ ಮುನ್ನಡೆಯಿಸಿದ ಮಾಲ್ಕಮನೇ ಅದು. ಉತ್ತರವೆಲ್ಲವೂ ಕಣ್ಣೆದುರಿಗೆ ಇದ್ದಿತು. ಅವನು ಕಿವಿಯಿಂದ ವಾಚ್ಯಾರ್ಥವನ್ನು ಮಾತ್ರ ತೆಗೆದುಕೊಂಡು, ಕಣ್ಣಿನಿಂದ ಕಂಡ ಪ್ರತೀಕವನ್ನು ಬಿಟ್ಟನು. ನಾಟಕವು ದೃಶ್ಯಕಾವ್ಯವೆಂಬ ಮಾತು ಇಷ್ಟು ಸಾರ್ಥಕವಾದ ಎಡೆಯು ವಿರಳ.

ಆಕೃತಿಗಳೆರಡು ಶಿಶುಗಳಾಗಿರುವುದೂ ಆಕಸ್ಮಿಕವಲ್ಲ. ಡಂಕನ್ನನು ಮ್ಯಾಕ್‌ಬೆತ್ತನನ್ನು ತಾನು ನೆಟ್ಟ ಸಸಿಯೆಂದು ಭಾವಿಸಿ ಬೆಳೆಯಿಸುವೆನೆಂದಿದ್ದನು. ಕೊಲೆಗೆ ಮೊದಲು ಮ್ಯಾಕ್‌ಬೆತ್ತನ ಮನಸ್ಸಿನಲ್ಲಿ ದಯೆಯು ಬಿರುಗಾಳಿಯನ್ನೇರಿ ಬರುವ ಎಳೆಗೂಸಾಗಿ ಕಾಣಿಸಿತ್ತು. ಕೊಟ್ಟ ಮಾತಿಗಾಗಿ ಮೊಲೆಯುಣ್ಣುವ ಮಗುವನ್ನೂ ಅಪ್ಪಳಿಸುತ್ತಿದ್ದೆನೆಂದು ಅವನ ಪತ್ನಿ ನುಡಿದಿದ್ದಳು. ಅವನ ರಾಜದಂಡವು ಬಂಜೆ; ಬ್ಯಾಂಕೋವಿನ ಸಂತತಿಯೇ ಆಳುವುದು. ಆದುದರಿಂದಲೇ ಅವನು ಬ್ಯಾಂಕೋವಿನ ಮಗನನ್ನು ಹುಡುಕಿಸಿದನು. ಮ್ಯಾಕ್‌ಡಫನ ಮಕ್ಕಳನ್ನು ಕೊಲ್ಲಿಸಿದನು. ಶಿಶುವೆಂದರೆ ಇಲ್ಲಿ ಮುಗ್ಧತೆ ಮಾತ್ರವಲ್ಲ. ಕತ್ತಿಗೆ ಸಿಕ್ಕದೆ ಮುಂದೆ ಬರುವ ಕಾಲ. ಲೇಡಿ ಮ್ಯಾಕ್‌ಬೆತ್ತಳಿಗೆ ಮಕ್ಕಳೆಷ್ಟು ಎಂಬ ಕಥೆಯ ಹೊರಗಣ ಪ್ರಶ್ನೆಯನ್ನು ಎಲ್. ಸಿ. ನೈಟ್ಸ್ ಎಂಬ ವಿಮರ್ಶಕನು ೧೯೩೩ರಲ್ಲಿ ತನ್ನ ಪ್ರಬಂಧದ ಹೆಸರಾಗಿಯೇ ಇಟ್ಟು ಪರಿಹಾಸಮಾಡಿದುದು, ಪಾತ್ರಗಳ ಚರಿತ್ರೆಯನ್ನು ಶೋಧಿಸುವವರು ಕಾವ್ಯದ ಅರ್ಥವನ್ನು ಬಿಡುವರೆಂಬ ಕಾರಣದಿಂದಲೇ.

ಎರಡರ್ಥದ ನುಡಿಗೆ ಆ ಕಾಲದಲ್ಲಿ ಬೇರೊಂದು ಅನುರಣನವೂ ಇದ್ದಿತು. ಜೇಮ್ಸನನ್ನೂ ಅವನ ಪಾರ್ಲಿಮೆಂಟನ್ನೂ ಮದ್ದಿನಿಂದ ಸಿಡಿಸುವ ೧೬೦೫ರ ಸಂಚಿನ ಸಂಬಂಧದಲ್ಲಿ ಹೆನ್ರಿ ಗಾರ್ನೆಟ್ ಎಂಬ ಪಾದ್ರಿಯನ್ನು ೧೬೦೬ರಲ್ಲಿ ವಿಚಾರಣೆಮಾಡಿ ಮರಣದಂಡನೆಗೆ ಗುರಿಪಡಿಸಿದರು. ಪ್ರಮಾಣಮಾಡಿಯೂ ದ್ವ್ಯರ್ಥವಾಗಿ ನುಡಿಯಬಹುದೇ ಎಂಬುದು ಆ ವಿಚಾರಣೆಯಲ್ಲಿ ದೊಡ್ಡ ವಿವಾದವಾಗಿತ್ತು. ನಾಟಕದ ದ್ವಾರಪಾಲಕನು ನರಕದ ಬಾಗಿಲಿಗೆ ಬಂದವರನ್ನು ಎಣಿಸುವಾಗ ದ್ವ್ಯರ್ಥವಾದಿಯೊಬ್ಬನನ್ನು ಒಳಗೆ ಬಿಡುವುದು ಈ ದೇಶಕಾಲಗಳನ್ನು ತಿಳಿದಲ್ಲದೆ ಪೂರ್ಣವಾಗಿ ಸ್ವಾರಸ್ಯವಾಗದು. ಆ ದೃಶ್ಯದ ಬಾಗಿಲ ಬಡಿತವು ಕೊಲೆಯ ಲೋಕದಿಂದ ಮನುಷ್ಯಲೋಕಕ್ಕೆ ಮರಳಿದುದನ್ನು ಸೂಚಿಸುವುದೆಂದು ಡಿ ಕ್ವಿನ್ಸಿಯು ೧೮೨೩ರಲ್ಲಿಯೇ ವಿವರಿಸಿದ್ದಾನೆ. ಕೊನೆಯಲ್ಲಿ ಮ್ಯಾಕ್‌ಡಫನ ಜನ್ಮವೃತ್ತಾಂತವನ್ನು ಕೇಳಿದಾಗ, ಎರಡರ್ಥದಲ್ಲಿ ಆಟವಾಡುವ ಪಿಶಾಚಿಗಳನ್ನು ನಂಬಬಾರದೆಂದು ಮ್ಯಾಕ್‌ಬೆತ್ತನು ಮರುಗುತ್ತಾನೆ. ಶ್ಲೇಷೆಯು ತಿಳಿದ ಹೊತ್ತಿಗೆ ಪ್ರಾಣಕ್ಕೆ ಅವಧಿಯಿಲ್ಲ.

೮. ಭಾಷಾಂತರದಲ್ಲಿ ಪ್ರತೀಕರಕ್ಷಣೆ

ಈ ನಾಟಕವು ಕನ್ನಡಕ್ಕೆ ಬಹುಹಿಂದೆಯೇ ಬಂದಿತು. ಎಂ. ಎಲ್. ಶ್ರೀಕಂಠೇಶಗೌಡರು ಇದನ್ನು ‘ಪ್ರತಾಪರುದ್ರದೇವ’ವೆಂಬ ಹೆಸರಿನಿಂದ ರೂಪಾಂತರಿಸಿದರು, ಡಿ. ವಿ. ಗುಂಡಪ್ಪನವರು ‘ಮ್ಯಾಕ್‌ಬೆತ್’ ಎಂಬ ಹೆಸರಿನಲ್ಲಿಯೇ ಅನುವಾದಿಸಿದರು. ಇಂತಹ ಕೃತಿಯನ್ನು ಭಾಷಾಂತರಿಸುವವರೂ ತರಗತಿಯಲ್ಲಿ ಅರ್ಥಹೇಳುವವರೂ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕಾಗಿದೆ. ಮೂಲದಲ್ಲಿ ರಕ್ತವಾಚಕವಾದ ಒಂದೇ ಶಬ್ದವು ಮೊದಲಿನಿಂದ ಕೊನೆಯವರೆಗೆ ಬರುತ್ತದೆ. ಕನ್ನಡದಲ್ಲಾದರೋ ನೆತ್ತರು, ರಕ್ತ, ರುಧಿರ, ಶೋಣಿತ ಎಂಬ ಸಂಪತ್ತಿದೆ. ಒಂದೇ ಪದವನ್ನು ಮತ್ತೆ ಹೇಳುವುದು ಕಥಿತಪದತ್ವವೆಂಬ ದೋಷವೆಂದು ಕಲಿತವರು ಸ್ಥಳಕ್ಕೊಂದು ಪರ್ಯಾಯವನ್ನು ಇಡುವರು. ಆಗ ಒಂದೊಂದು ವಾಕ್ಯವೂ ಸೊಗಸಾಗಬಹುದು. ಆದರೆ ಯೋಧನ ಗಾಯವನ್ನೂ ರಾಣಿಯ ಕೈಯನ್ನೂ ಕೂಡಿಸಿದ್ದ ದಾರವು ಹರಿದುಹೋಗುವುದು.

ಶಾಸ್ತ್ರವು ಇಂತಹ ಎಡೆಯಲ್ಲಿ ಪುನಃಪ್ರಯೋಗವನ್ನೇ ವಿಧಿಸುತ್ತದೆ. ಉದಯದಲ್ಲಿಯೂ ಅಸ್ತದಲ್ಲಿಯೂ ಸೂರ್ಯನು ಒಂದೇ ಬಣ್ಣದವನೆಂದು ಹೇಳುವಾಗ ಆ ಬಣ್ಣಕ್ಕೆ ಒಂದೇ ಶಬ್ದವನ್ನು ಬಳಸಬೇಕು. ಶಬ್ದವನ್ನು ಬದಲಿಸಿದರೆ ಅರ್ಥವೇ ಬದಲಾದಂತೆ ತೋರಿ ಭಗ್ನಪ್ರಕ್ರಮವೆಂಬ ದೋಷ ಬರುತ್ತದೆಂದು ಮಮ್ಮಟನು ವಿಚಾರಿಸಿದ್ದಾನೆ. ಪ್ರತೀಕಾತ್ಮಕವಾದ ಕೃತಿಯನ್ನು ಅನುವಾದಿಸುವವರಿಗೆ ಇದಕ್ಕಿಂತ ಉಪಯುಕ್ತವಾದ ಸೂತ್ರವು ಪಶ್ಚಿಮದಿಂದ ಬರಬೇಕಾಗಿಲ್ಲ. ಪರ್ಯಾಯಬಾಹುಳ್ಯವು ವರ್ಣನಕಾವ್ಯಕ್ಕೆ ಐಶ್ವರ್ಯ. ಇಂತಹ ನಾಟಕಕ್ಕೆ ಅಪಾಯ.

೯. ಉಪಸಂಹಾರ

ಮೇಲಣ ವಿಚಾರದಿಂದ ಸಿದ್ಧವಾಗುವ ಅಂಶಗಳಿವು. ಈ ನಾಟಕದ ರಕ್ತ, ನಿದ್ರೆ, ದೀಪಗಳು ಮುಖ್ಯಾರ್ಥವನ್ನು ಕಳೆದುಕೊಳ್ಳದೆ ಅರ್ಥಾಂತರವನ್ನು ವ್ಯಂಜಿಸುವ ಪ್ರತೀಕಗಳು. ಉಡುಪು ಮೊದಲು ರೂಪಕವಾಗಿ ಹುಟ್ಟಿ, ಆವೃತ್ತಿಯಿಂದ ಪ್ರಬಂಧವ್ಯಂಗ್ಯಕ್ಕೆ ಏರಿದುದು. ಶಿಶು ಮತ್ತು ಮರ ಎಂಬ ಆಕೃತಿಗಳು ಮಾತಿನ ಮುಖದಿಂದಲೂ ನೋಟದ ಮುಖದಿಂದಲೂ ಏಕಕಾಲದಲ್ಲಿ ವಿರುದ್ಧಾರ್ಥಗಳನ್ನು ಕೊಡತಕ್ಕವು. ಇವುಗಳಲ್ಲಿ ಯಾವುದಕ್ಕೂ ಒಂದೇ ಎರಕದ ಅರ್ಥವಿಲ್ಲ.

ಆದುದರಿಂದ ಉಪಾಧ್ಯಾಯರು ವಿದ್ಯಾರ್ಥಿಗಳ ಮುಂದೆ ರಕ್ತವೆಂದರೇನು ಎಂಬ ಪ್ರಶ್ನೆಯನ್ನು ಇಡುವುದಕ್ಕಿಂತ, ಇಲ್ಲಿ ರಕ್ತದ ಮಾತನ್ನು ಯಾರು ಆಡಿದರು, ಯಾರೊಡನೆ, ಯಾರು ಕೇಳುತ್ತಿರಲು, ಯಾವ ಸಂದರ್ಭದಲ್ಲಿ, ಇದಕ್ಕೆ ಮೊದಲು ಅದು ಎಲ್ಲಿ ಬಂದಿತ್ತು ಎಂಬ ಪ್ರಶ್ನೆಗಳನ್ನು ಇಡುವುದು ಶ್ರೇಯಸ್ಕರ. ಮೊದಲನೆಯ ಪ್ರಶ್ನೆಗೆ ಒಂದು ಶಬ್ದವು ಉತ್ತರವಾಗುತ್ತದೆ, ಅದನ್ನು ಬಾಯಿಪಾಠ ಮಾಡಬಹುದು. ಎರಡನೆಯ ವರ್ಗದ ಪ್ರಶ್ನೆಗಳಿಗೆ ಉತ್ತರವನ್ನು ಹೇಳಬೇಕಾದರೆ ನಾಟಕವನ್ನೇ ಮತ್ತೆ ಓದಬೇಕಾಗುತ್ತದೆ. ವಾಚ್ಯಾರ್ಥದಲ್ಲಿಯೇ ನಿಂತವನ ಗತಿಯೇನೆಂಬುದನ್ನು ಕವಿಯು ನಾಯಕನ ಮುಖಾಂತರವೇ ತೋರಿಸಿಕೊಟ್ಟಿದ್ದಾನೆ. ಅವನ ನಾಟಕವನ್ನು ಓದುವವರು ಆ ದಾರಿಯನ್ನು ಹಿಡಿಯದಿರುವುದೇ ಅವನಿಗೆ ಸಲ್ಲಿಸತಕ್ಕ ಗೌರವ.